ಅಡಿಕೆ ಬಿಟ್ಟ ಇಲಿಗಳು

ನಮ್ಮ ಕಂಪನಿಯಲ್ಲಿ ಇಲಿಗಳಿಗೆ ಎ.ಸಿ., ನಮಗೆ ಫ್ಯಾನು. ಇದನ್ನು ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದೇನೆ ಎಂದುಕೊಂಡರೆ ಹೌದು, ಹೊಟ್ಟೆಕಿಚ್ಚಿಗೇ ಹೇಳುತ್ತಿದ್ದೇನೆ. ಇಲಿಕೋಣೆಯ ಬಿಸಿ ಇಪ್ಪತ್ನಾಲ್ಕು ಡಿಗ್ರಿ ದಾಟಿದರೆ ಹೊರಗೆ ಕೆಂಪು ದೀಪ ಹತ್ತಿಕೊಳ್ಳುತ್ತದೆ, ಮೂರು ಜನ ಇಂಜಿನಿಯರುಗಳು ಎದ್ದೆನೋ ಬಿದ್ದೆನೋ ಎಂದು ಓಡಿಬರುತ್ತಾರೆ. ಹೋದ ಏಪ್ರಿಲ್‌ನಲ್ಲಿ ನಾನು ಸ್ಟೋರಿನಲ್ಲಿ ತಲೆ ತಿರುಗಿ ಬಿದ್ದಾಗ ಓಡಿಬಂದವನು ಒಬ್ಬನೇ. ಅವನೂ ಬೀಗದ ಕೈ ಕೇಳಲು ಬಂದವನು.

ನನ್ನ ಹೆಸರು ಮುನಿರಾಜು, ಬೇಗೂರಿನವನು. ಎಲೆಕ್ಟ್ರಾನಿಕ್ ಸಿಟಿ ದಾಟಿ ಆನೇಕಲ್ ಕಡೆ ಹೋಗುವಾಗ ಬಲಕ್ಕೆ ಸಿಗುವ ಕೈಗಾರಿಕಾ ಪ್ರದೇಶದಲ್ಲಿ, ಬೇರೆ ಕಂಪನಿಗಳ ಪದಾರ್ಥಗಳನ್ನು ಪ್ರಾಣಿಗಳ ಮೇಲೆ ಪರೀಕ್ಷೆ ಮಾಡಿ ವರದಿ ಬರೆದುಕೊಡುವ ಕಂಪನಿಯೊಂದಿದೆ. ಅಲ್ಲಿ ಹದಿನಾಲ್ಕು ವರ್ಷದಿಂದ ಇಲಿ ನೋಡಿಕೊಳ್ಳುತ್ತಿದ್ದೇನೆ. ಕೇಜು ತೊಳೆಯುವುದು, ಹೊಟ್ಟು ಬದಲಿಸುವುದು, ತೂಕ ನೋಡುವುದು, ಹೇಳಿದ ಔಷಧಿಯನ್ನು ಹೇಳಿದ ಇಲಿಗೆ ಹಾಕುವುದು. ಐಡಿ ಕಾರ್ಡಿನಲ್ಲಿ ಇದಕ್ಕೆ ಸೀನಿಯರ್ ಟೆಕ್ನಿಷಿಯನ್ ಎಂದು ಬರೆದಿದ್ದಾರೆ, ಊರಿನಲ್ಲಿ ಇಲಿ ಮುನಿರಾಜ ಎನ್ನುತ್ತಾರೆ. ಎರಡಕ್ಕೂ ತಿರುಗಿ ನೋಡುತ್ತೇನೆ.

ನನಗೆ ಒಂದೇ ಚಟ, ಅಡಿಕೆ. ಬೀಡಿ ಇಲ್ಲ, ಹೆಂಡ ಇಲ್ಲ, ತಂಬಾಕಂತೂ ಮುಟ್ಟಿದವನಲ್ಲ. ಸಣ್ಣ ಪ್ಯಾಕೆಟ್ಟಿನಲ್ಲಿ ಬರುವ ಅಡಿಕೆಪುಡಿ, ಏಲಕ್ಕಿ ವಾಸನೆಯದು, ಇಪ್ಪತ್ತು ವರ್ಷದಿಂದ ದಿನಕ್ಕೆ ಹತ್ತು ಹನ್ನೆರಡು. ಯಾರಾದರೂ ಬುದ್ಧಿ ಹೇಳಲು ಬಂದರೆ, ತಂಬಾಕು ತಿನ್ನೋರಿಗೆ ಹೋಗಿ ಹೇಳ್ರಪ್ಪ, ಇದು ದೇವರ ಮುಂದೆ ಇಡೋ ಪದಾರ್ಥ ಎಂದು ಬಾಯಿ ಮುಚ್ಚಿಸುತ್ತಿದ್ದೆ. ಬಾಯಿ ಮುಚ್ಚುವ ಕೆಲಸ ಆಗಲೇ ನನ್ನದರಲ್ಲೂ ನಡೆದಿತ್ತು, ಗೊತ್ತಾಗಿರಲಿಲ್ಲ.

ಮೊದಲು ಉರಿ ಶುರುವಾಯಿತು. ಸೊಪ್ಪಿನ ಸಾರು ನಾಲಿಗೆಗೆ ತಾಗಿದರೆ ಕಣ್ಣಲ್ಲಿ ನೀರು. ನಾನು ತಪ್ಪನ್ನು ಸರಿಯಾದ ಜಾಗದಲ್ಲೇ ಹುಡುಕಿದೆ, ಅಂದರೆ ಹೆಂಡತಿಯಲ್ಲಿ. ರಾಣಿ ಮೆಣಸಿನಕಾಯಿ ಜಾಸ್ತಿ ಹಾಕುತ್ತಿದ್ದಾಳೆ, ಕೈಗೆ ಅಂದಾಜು ತಪ್ಪಿದೆ ಎಂದು ಒಂದು ವರ್ಷ ದಿನಾ ಬೈದೆ. ಅವಳು ಹತ್ತು ಹಾಕುವಲ್ಲಿ ಆರು ಹಾಕಿದಳು, ಮೂರು ಹಾಕಿದಳು, ಕೊನೆಗೆ ಬರೀ ಬೇಳೆಕಟ್ಟು ಬಡಿಸಿ ತಟ್ಟೆಯ ಮುಂದೆ ಕೂತು ಅತ್ತಳು. ಆಮೇಲೆ ಮುದ್ದೆಯ ತಕರಾರು. ಮುದ್ದೆ ಎಂದರೆ ಮುರಿದು, ಸಾರಿಗೆ ಅದ್ದಿ, ಗುಳುಂ ಎನಿಸುವುದು. ನಾನು ಗೋಲಿಯಷ್ಟು ಗೋಲಿಯಷ್ಟು ಮಾಡಿಕೊಂಡು ಅರ್ಧ ಗಂಟೆ ತಿನ್ನತೊಡಗಿದೆ. ಪ್ಯಾಟೆಯವನಾಗಿಬಿಟ್ಟ ಎಂದು ನಮ್ಮತ್ತೆ ನಕ್ಕರು.

ಹೀಗಿರುವಾಗ ಉತ್ತರದ ಕಡೆಯ ಒಂದು ಪಾನ್ ಮಸಾಲಾ ಕಂಪನಿ ನಮ್ಮಲ್ಲಿಗೆ ಕೆಲಸ ತಂದಿತು. ಅಡಿಕೆ ತಿಂದರೆ ಕೆನ್ನೆಯ ಒಳಗೆ ನಾರು ಕಟ್ಟಿ, ಚರ್ಮ ಗಟ್ಟಿಯಾಗಿ, ಬಾಯಿ ಬರಬರುತ್ತಾ ಬಿಗಿದುಕೊಳ್ಳುವ ಕಾಯಿಲೆಯೊಂದಿದೆ. ತಿಂದರೆ ಬರುತ್ತದೆ ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಅವರಿಗೆ ಬೇಕಾಗಿದ್ದದ್ದು ಬೇರೆ. ಬಿಟ್ಟರೆ ಬಾಯಿ ಮೊದಲಿನಂತಾಗುತ್ತದೆ ಎಂದು ಯಾರಾದರೂ ಇಲಿಗಳನ್ನು ಸಾಕ್ಷಿ ಇಟ್ಟು ಬರೆದುಕೊಡಬೇಕಿತ್ತು.

ಕೆಲಸದ ಹೊಣೆ ಹೇಮಲತಾ ಮೇಡಂಗೆ ಬಂತು. ದಾವಣಗೆರೆಯವರು, ಪಶುವೈದ್ಯ ಓದಿದವರು, ಇಲಿಯನ್ನೂ ಬಹುವಚನದಲ್ಲಿ ಮಾತಾಡಿಸುವಷ್ಟು ಮೃದು. ಅವರ ಫ್ಲ್ಯಾಟ್ ಇರುವುದು ಬೇಗೂರಿನಲ್ಲಿ, ನಮ್ಮ ತಾತನ ರಾಗಿ ಹೊಲದ ಮೇಲೆ, ಏಳನೇ ಮಹಡಿ. ಅದನ್ನು ನಾನು ಅವರಿಗೆ ಹೇಳಿಲ್ಲ, ಹೇಳಿದರೆ ಅದಕ್ಕೂ ನೊಂದುಕೊಳ್ಳುತ್ತಾರೆ. ಅವರ ಮೇಲೆ ಪ್ರಾಜೆಕ್ಟ್ ಮ್ಯಾನೇಜರ್ ವಿಶ್ವನಾಥ್ ಸಾರ್. ಇವರು ನೊಂದುಕೊಳ್ಳುವ ಪೈಕಿ ಅಲ್ಲ.

ಇಲಿಗೆ ಅಡಿಕೆ ಹಾಕಬಹುದೇ ಎಂದು ನಿರ್ಧರಿಸಲು ಎಂಟು ಜನರ ಸಮಿತಿ ಕೂತಿತು. ನಾಲ್ಕು ಗಂಟೆ ಚರ್ಚೆ, ಮಧ್ಯೆ ಗೋಡಂಬಿ ಬಿಸ್ಕತ್ತು. ಇಲಿಯ ಬಾಯಿ ಉರಿಯುತ್ತದೆಯೇ, ಉರಿದರೆ ಎಷ್ಟು, ಮೆತ್ತನೆಯ ಆಹಾರ ಕೊಡಬೇಕೇ ಎಂದೆಲ್ಲ ಕೇಳಿದರು. ಇಲಿಯ ತೂಕ ಐದರಲ್ಲಿ ಒಂದು ಪಾಲು ಇಳಿದರೆ ಅದನ್ನು ಇನ್ನು ನರಳಿಸಬಾರದು, ನೋವಾಗದಂತೆ ಕಳಿಸಿಕೊಡಬೇಕು ಎಂದು ನಿಯಮ ಬರೆದರು. ಆ ವರ್ಷ ನಾನು ಒಂಬತ್ತು ಕಿಲೋ ಇಳಿದಿದ್ದೆ. ನನ್ನ ವಿಷಯದಲ್ಲಿ ಇಂಥ ಕಾಳಜಿ ಯಾರಿಗೂ ಇರಲಿಲ್ಲವಾದ್ದರಿಂದ ಬದುಕಿಕೊಂಡೆ.

ಆಮೇಲೆ ಅಡಿಕೆಯ ಪ್ರಶ್ನೆ. ಪರದೇಶದಿಂದ ಶುದ್ಧವಾದ ಸಾರ ತರಿಸಬಹುದಿತ್ತು, ಆದರೆ ಮೇಡಂಗೆ ಜನ ನಿಜವಾಗಿ ತಿನ್ನುವುದೇ ಬೇಕು. ಖರೀದಿ ವಿಭಾಗದವರು ಮೂರು ಅಂಗಡಿಯ ಕೊಟೇಶನ್ ಕೇಳಿದರು, ಗುಣಮಟ್ಟದ ಸರ್ಟಿಫಿಕೇಟ್ ಕೇಳಿದರು. ಪೆಟ್ಟಿಗೆ ಅಂಗಡಿಯವನು ಗುಣಮಟ್ಟದ ಸರ್ಟಿಫಿಕೇಟ್ ಎಲ್ಲಿಂದ ತರುತ್ತಾನೆ? ಮೂರು ತಿಂಗಳು ಕಳೆದು, ಎಲ್ಲರೂ ಸುಸ್ತಾಗಿ, ಕೊನೆಗೆ ನನ್ನ ಕೈಗೆ ಚೀಲ ಕೊಟ್ಟರು. ನಾನು ಗೇಟಿನೆದುರಿನ ಮುತ್ತಣ್ಣನ ಅಂಗಡಿಗೆ ಹೋಗಿ, ನಾನು ತಿನ್ನುವುದೇ ಇರಲಿ ಎಂದು ಅದನ್ನೇ ಸರಗಟ್ಟಲೆ ಕಟ್ಟಿಸಿಕೊಂಡೆ. ಯಾರ ಮನೆ ಕಾರ್ಯ ಎಂದು ಮುತ್ತಣ್ಣ ಕೇಳಿದ. ಇಲಿಗೆ ಎಂದೆ. ಇಲಿಗೂ ಚಟ ಅಂಟಿಸಿಬಿಟ್ಯಲ್ಲೋ ಎಂದು ಅವನು ಒಂದು ವಾರ ಬಂದಬಂದವರಿಗೆಲ್ಲ ಹೇಳಿಕೊಂಡು ನಕ್ಕ.

ಅರವತ್ತು ಇಲಿ, ಮೂರು ಗುಂಪು. ಮೊದಲ ಇಪ್ಪತ್ತಕ್ಕೆ ಬರೀ ನೀರು. ಎರಡನೆಯ ಇಪ್ಪತ್ತಕ್ಕೆ ಆರು ತಿಂಗಳೂ ಕೆನ್ನೆಯ ಒಳಗೆ ಅಡಿಕೆಯ ಕಷಾಯ. ಮೂರನೆಯ ಇಪ್ಪತ್ತಕ್ಕೆ ಮೂರು ತಿಂಗಳು ಕಷಾಯ, ಆಮೇಲೆ ಮೂರು ತಿಂಗಳು ಬಂದ್. ಅಡಿಕೆ ಬಿಟ್ಟ ಗುಂಪು ಅದು. ಪ್ರತಿ ಸೋಮವಾರ ಒಂದೊಂದಕ್ಕೂ ಸ್ವಲ್ಪ ಮಂಪರು ಕೊಟ್ಟು, ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ವರ್ನಿಯರ್ ಇಟ್ಟು ಬಾಯಿ ಎಷ್ಟು ತೆರೆಯುತ್ತದೆ ಎಂದು ಅಳೆಯಬೇಕು. ನನ್ನ ಕೈ ನಿಧಾನ, ನಡುಗುವುದಿಲ್ಲ, ಆದ್ದರಿಂದ ಅಳತೆ ನನಗೆ ಬಂತು.

ಅಳೆಯುವವನಿಗೆ ಇದು ಯಾವ ಗುಂಪಿನ ಇಲಿ ಎಂದು ಗೊತ್ತಿರಬಾರದಂತೆ. ಗೊತ್ತಿದ್ದರೆ ಮನಸ್ಸು ವಾಲುತ್ತದೆ. ಅದಕ್ಕೆ ಕೇಜಿನ ಮೇಲೆ ಗುಂಪಿನ ಹೆಸರಿಲ್ಲದೆ ಬರೀ ನಂಬರು ಇರುವ ಚೀಟಿ. ವಿಜ್ಞಾನ ಬಹಳ ಮುಂದುವರಿದಿದೆ. ಆದರೆ ಆ ಚೀಟಿ ಅಂಟಿಸಿದವನು ನಾನು, ಕಷಾಯ ಹಾಕುವವನು ನಾನು, ಹಾಕುವುದನ್ನು ನಿಲ್ಲಿಸಿದವನೂ ನಾನು. ಕೆಲಸಕ್ಕೆ ಇನ್ನೊಬ್ಬನನ್ನು ಕೊಡಿ ಎಂದು ಮೇಡಂ ಎರಡು ಸಲ ಬರೆದರು. ಮುನಿರಾಜು ಸೀನಿಯರ್ ಇದ್ದಾನಲ್ಲ ಎಂದು ವಿಶ್ವನಾಥ್ ಸಾರ್ ನನ್ನನ್ನೇ ಹೊಗಳಿ ಕಳಿಸಿದರು.

ಶುರುವಿಗೆ ಮುಂಚೆ ಮೇಡಂ ನಮಗೆಲ್ಲ ಒಂದು ಗಂಟೆ ಪಾಠ ಮಾಡಿದರು. ಮನುಷ್ಯರಲ್ಲಿ ಈ ಕಾಯಿಲೆ ಹೇಗೆ ಬರುತ್ತದೆ ಎಂದು ಪರದೆಯ ಮೇಲೆ ತೋರಿಸಿದರು. ಮೊದಲು ಖಾರ ತಿಂದರೆ ಬಾಯಿ ಉರಿಯುತ್ತದೆ. ಆಮೇಲೆ ಕೆನ್ನೆ ಬೆಳ್ಳಗಾಗಿ ಬಿಗಿಯುತ್ತದೆ. ತುತ್ತು ಚಿಕ್ಕದಾಗುತ್ತದೆ. ತಂಬಾಕು ಬೇಕಾಗಿಲ್ಲ, ಬರೀ ಅಡಿಕೆ ಸಾಕು. ಆರೋಗ್ಯವಂತನ ಬಾಯಿಯಲ್ಲಿ ಮೂರು ಬೆರಳು ಒಂದರ ಮೇಲೊಂದಾಗಿ ಹೋಗಬೇಕು ಎಂದರು. ಎಲ್ಲರೂ ನಗುತ್ತಾ ಮೂರು ಬೆರಳು ಹಾಕಿಕೊಂಡು ನೋಡಿದರು. ನಾನು ಮಾಸ್ಕ್ ತೆಗೆಯಲಿಲ್ಲ. ಆಮೇಲೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ನೋಡಿದೆ. ಎರಡು ಬೆರಳು ಹೋದವು, ಅವೂ ಉಜ್ಜಿಕೊಂಡು. ಭಯವಾಯಿತು, ಅದನ್ನು ಬೇರೆ ಮಾತಿನಲ್ಲಿ ಹೇಳುವುದಿಲ್ಲ. ಮನೆಗೆ ಹೋದಾಗ ರಾಣಿ ಬೇಳೆಕಟ್ಟು ಬಡಿಸಿದಳು. ತಪ್ಪು ನಿನ್ನದಲ್ಲ ಕಣೇ ಎಂದು ಒಂದು ಮಾತು ಹೇಳಬಹುದಿತ್ತು. ಗಂಡಸಲ್ಲವೇ, ಹೇಳಲಿಲ್ಲ.

ಬುದ್ಧಿ ಇರುವವನು ಆವತ್ತೇ ಬಿಡುತ್ತಿದ್ದ. ನಾನು ವಿಜ್ಞಾನದ ಸಹವಾಸದಲ್ಲಿ ಹದಿನಾಲ್ಕು ವರ್ಷ ಇದ್ದವನು, ಆಧಾರವಿಲ್ಲದೆ ಏನನ್ನೂ ಮಾಡುವುದಿಲ್ಲ. ಮೂರನೆಯ ಗುಂಪು ಅಡಿಕೆ ಬಿಡುತ್ತದೆ, ಅವುಗಳ ಬಾಯಿ ಮತ್ತೆ ತೆರೆದರೆ ನನ್ನದೂ ತೆರೆಯುತ್ತದೆ, ಆಗ ಬಿಟ್ಟರಾಯಿತು ಎಂದು ಮನಸ್ಸಿನಲ್ಲೇ ಅವುಗಳ ಜೊತೆ ಒಪ್ಪಂದ ಮಾಡಿಕೊಂಡೆ. ಇಲಿಗಳು ತಕರಾರು ಮಾಡಲಿಲ್ಲ.

ಮೂರು ತಿಂಗಳಲ್ಲಿ ಕಷಾಯ ಬಿದ್ದ ನಲವತ್ತರದ್ದೂ ಬಾಯಿ ಹದಿನೆಂಟು ಮಿಲಿಮೀಟರಿನಿಂದ ಹದಿಮೂರಕ್ಕೆ ಇಳಿಯಿತು. ಕಾಳು ಕಡಿಯಲಾಗದೆ ಅವು ಪಕ್ಕಕ್ಕೆ ತಲೆ ವಾಲಿಸಿ ಮುಂದಿನ ಹಲ್ಲಿನಲ್ಲಿ ಕೆರೆದುಕೊಂಡು ತಿನ್ನುತ್ತಿದ್ದವು. ನಾನು ಚಪಾತಿ ತಿನ್ನುವುದೂ ಹಾಗೇ. ನಿಯಮದಂತೆ ಅವುಗಳಿಗೆ ಕಾಳನ್ನು ನೆನೆಸಿ ಮೆತ್ತಗೆ ಮಾಡಿ ಕೊಟ್ಟೆ.

ಆಮೇಲೆ ಮೂರನೆಯ ಗುಂಪಿಗೆ ಅಡಿಕೆ ನಿಂತಿತು. ಮೊದಲ ಸೋಮವಾರ ಹದಿಮೂರು. ಎರಡನೆಯ ಸೋಮವಾರ ಹದಿಮೂರು. ಮೂರು, ನಾಲ್ಕು, ಅದೇ ಹದಿಮೂರು. ಪ್ರತಿ ಸೋಮವಾರ ಬೆಳಿಗ್ಗೆ ಆ ಗುಂಪಿನ ಕೇಜುಗಳನ್ನೇ ಮೊದಲು ತೆಗೆಯುತ್ತಿದ್ದೆ. ಅಳೆದಾದ ಮೇಲೆ ಮುತ್ತಣ್ಣನಲ್ಲಿಗೆ ಹೋಗಿ ದುಃಖಕ್ಕೆ ಎರಡು ಪ್ಯಾಕೆಟ್ ಹೆಚ್ಚು ಹಾಕಿಕೊಳ್ಳುತ್ತಿದ್ದೆ.

ಐದನೆಯ ಸೋಮವಾರ ಆ ಗುಂಪಿನ, ನಲವತ್ತಮೂರು ನಂಬರಿನ ಇಲಿಯ ಬಾಯಿಗೆ ವರ್ನಿಯರ್ ಇಟ್ಟಿದ್ದೆ. ಮಂಪರಿನಲ್ಲಿರುವ ಇಲಿಯ ಕೆಳದವಡೆಯನ್ನು ಹೆಬ್ಬೆರಳಿನಿಂದ ಹಿಡಿದುಕೊಳ್ಳಬೇಕು, ಒತ್ತಬಾರದು. ನಾನು ಕೊಂಚ ಕೆಳಕ್ಕೆ ಒತ್ತಿದೆ. ದವಡೆ ಅರ್ಧ ಮಿಲಿಮೀಟರು ಬಗ್ಗಿತು. ವರ್ನಿಯರ್ ಹದಿಮೂರೂವರೆ ತೋರಿಸಿತು, ನಾನು ಅದನ್ನೇ ಬರೆದೆ. ಸುಳ್ಳು ಬರೆದೆ ಎಂದು ಯಾರೂ ಅನ್ನುವಂತಿಲ್ಲ, ಇದ್ದದ್ದನ್ನೇ ಬರೆದದ್ದು. ಕೈ ಒಂದು ಚೂರು ಜೋರಾಗಿತ್ತು, ಅಷ್ಟೇ. ಆವತ್ತು ಆ ಗುಂಪಿನ ಉಳಿದ ಇಲಿಗಳ ದವಡೆಯೂ ಬಗ್ಗಿತು. ಎರಡನೆಯ ಗುಂಪಿನ ಇಲಿಗಳನ್ನು ಹಿಡಿದಾಗ ಮಾತ್ರ ನನ್ನ ಹೆಬ್ಬೆರಳು ಬಹಳ ಪ್ರಾಮಾಣಿಕವಾಗಿತ್ತು.

ಹನ್ನೆರಡು ವಾರ ಮುಗಿಯುವ ಹೊತ್ತಿಗೆ ಅಡಿಕೆ ಬಿಟ್ಟ ಇಲಿಗಳ ಬಾಯಿ ಹದಿನಾರಕ್ಕೆ ಬಂದಿತ್ತು. ಮೇಡಂ ಅದನ್ನು ಗ್ರಾಫ್ ಮಾಡಿದರು. ಕೆಂಪು ಗೆರೆ ಕೆಳಗೆ ಹೋಗುತ್ತದೆ, ಹಸಿರು ಗೆರೆ ಕೆಳಗೆ ಹೋದದ್ದು ಮತ್ತೆ ಮೇಲೆ ಹತ್ತುತ್ತದೆ. ವಿಶ್ವನಾಥ್ ಸಾರ್ ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕ್ಯಾಂಟೀನ್ ಗೋಡೆಗೆ ಅಂಟಿಸಿದರು. ಇಲ್ಲಿ ಒಂದು ವಿಷಯ ಹೇಳಬೇಕು, ನಾಚಿಕೆಯಾದರೂ ಹೇಳುತ್ತೇನೆ. ನಾನು ಆ ಹಸಿರು ಗೆರೆಯನ್ನು ನಂಬಿದೆ. ನನ್ನ ಹೆಬ್ಬೆರಳಿನ ಕೆಲಸ ಎಂದು ಗೊತ್ತಿದ್ದೂ ನಂಬಿದೆ. ಕಂಪ್ಯೂಟರಿನಲ್ಲಿ ಬಂದಿದೆ, ಡಾಕ್ಟರ್ ಸಹಿ ಇದೆ, ಎಲ್ಲ ಸುಳ್ಳಾಗಿರಲು ಸಾಧ್ಯವೇ, ನಾನು ಒತ್ತಿದ್ದು ಒಂದು ಚೂರು ತಾನೇ ಎಂದುಕೊಂಡೆ. ದಿನಾ ಊಟ ಮುಗಿಸಿ ಅದರ ಮುಂದೆ ನಿಂತು ನೋಡಿ, ಹೇಗೂ ವಾಪಸ್ ಬರುತ್ತದಲ್ಲ, ಅವಸರವೇನು ಎಂದು ಗೇಟಿನಾಚೆ ಹೋಗಿ ಒಂದು ಪ್ಯಾಕೆಟ್ ಹರಿಯುತ್ತಿದ್ದೆ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ನಾನೇ ಅವನನ್ನು ಪೆದ್ದು ನನ್ನ ಮಗ ಎಂದು ಬೈಯುತ್ತಿದ್ದೆ.

ಪಾನ್ ಮಸಾಲಾದವರು ವಿಮಾನದಲ್ಲಿ ಬಂದರು. ಅವರ ಮಾರ್ಕೆಟಿಂಗ್ ಮನುಷ್ಯ ಗ್ರಾಫಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡ. ಬಿಟ್ಟ ದಿನದಿಂದಲೇ ಬಾಯಿ ಅರಳುತ್ತದೆ ಎಂದು ಪ್ಯಾಕೆಟ್ಟಿನ ಹಿಂದೆ ಹಾಕಬಹುದೇ ಎಂದು ಕೇಳಿದ. ವರದಿ ಸಹಿಯಾಗಲಿ ಎಂದು ವಿಶ್ವನಾಥ್ ಸಾರ್ ನಾಚಿಕೊಂಡರು. ಕೇಕ್ ತರಿಸಿದರು. ಬೊಮ್ಮನಹಳ್ಳಿ ಬೇಕರಿಯ ಕೇಕ್, ಮೇಲೆ ಸಕ್ಕರೆಯ ಇಲಿ. ಎಲ್ಲರಿಗೂ ಒಂದೊಂದು ತುಂಡು ಕೊಟ್ಟರು, ನನಗೆ ದೊಡ್ಡದು ಕೊಟ್ಟರು. ಮಾಸ್ಕ್ ಕೆಳಗಿಳಿಸಿ ಮೂಲೆಗೆ ತಿರುಗಿಕೊಂಡು ಕೇಕನ್ನು ತಟ್ಟೆಯಲ್ಲೇ ಪುಡಿ ಮಾಡಿ, ಬೆರಳಿನಿಂದ ಚೂರುಚೂರೇ ಒಳಗೆ ತಳ್ಳಿಕೊಂಡೆ. ತಲೆ ಎತ್ತಿದಾಗ ಹೇಮಲತಾ ಮೇಡಂ ನನ್ನನ್ನೇ ನೋಡುತ್ತಿದ್ದರು.

ವರದಿಗೆ ಸಹಿ ಹಾಕುವ ಮೊದಲು ಇನ್ನೊಂದು ಕೆಲಸ ಬಾಕಿ ಇತ್ತು. ಪ್ರತಿ ಗುಂಪಿನಿಂದ ಐದೈದು ಇಲಿಗಳನ್ನು ಮತ್ತೆ ಏಳದಂತೆ ಮಲಗಿಸಿ, ಕೆನ್ನೆಯ ಚರ್ಮವನ್ನು ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ನಾರಿಗೆ ನೀಲಿ ಬಣ್ಣ ಹಿಡಿಯುತ್ತದೆ. ನೀರು ಕುಡಿದ ಇಲಿಗಳಲ್ಲಿ ನೀಲಿ ಎಳೆ ಎಳೆಯಾಗಿ ಇತ್ತು. ಅಡಿಕೆ ಬಿಡದವುಗಳಲ್ಲಿ ದಪ್ಪಗೆ ಹೆಪ್ಪುಗಟ್ಟಿತ್ತು. ಬಿಟ್ಟವುಗಳಲ್ಲೂ ಅಷ್ಟೇ ದಪ್ಪ. ಒಂದು ಎಳೆ ಕರಗಿರಲಿಲ್ಲ.

ಮೇಡಂ ಎರಡು ದಿನ ಊಟ ಬಿಟ್ಟು ಗಾಜುಗಳನ್ನು ತಿರುಗಿಸಿ ಮುರುಗಿಸಿ ನೋಡಿದರು. ಕೆನ್ನೆ ಗಟ್ಟಿಯಾಗಿಯೇ ಇದೆ, ಬಾಯಿ ಮಾತ್ರ ಮೂರು ಮಿಲಿಮೀಟರು ತೆರೆದಿದೆ, ಇದು ಹೇಗೆ? ವಿಶ್ವನಾಥ್ ಸಾರ್ ಬಳಿ ಉತ್ತರ ಸಿದ್ಧವಿತ್ತು. ಬಾಯಿಯ ಅಳತೆಯನ್ನು ವರದಿಯ ಮೊದಲ ಪುಟಕ್ಕೆ ಹಾಕಿ, ಗಾಜಿನ ಫೋಟೋಗಳನ್ನು ಕೊನೆಯ ಅನುಬಂಧಕ್ಕೆ ಹಾಕಿ, ಅಲ್ಲಿಯ ತನಕ ಯಾರು ಓದುತ್ತಾರೆ ಎಂದರು. ಮೇಡಂ ಒಪ್ಪಲಿಲ್ಲ. ಗಾಜಿನ ವಿಭಾಗದಲ್ಲಿ ಚೀಟಿ ಅದಲುಬದಲಾಗಿರಬೇಕು ಎಂಬುದು ಅವರ ಅನುಮಾನ. ಹಾಗೆ ಆಗಿದ್ದರೆ ಅಲ್ಲಿಯ ಈರೇಶನ ಕೆಲಸ ಹೋಗುತ್ತದೆ. ಆನೇಕಲ್ಲಿನ ಹುಡುಗ, ಮದುವೆಯಾಗಿ ಆರು ತಿಂಗಳು.

ಗುರುವಾರ ಮಧ್ಯಾಹ್ನ ಮೇಡಂ ನನ್ನನ್ನು ಕರೆದರು. ಮೇಜಿನ ಮೇಲೆ ಚೀಟಿಗಳ ಪುಸ್ತಕ ತೆರೆದಿತ್ತು. ನಂಬರುಗಳೆಲ್ಲ ಸರಿಯಾಗಿ ಅಂಟಿಸಿದ್ದೀರಾ, ಗಾಜಿಗೆ ಕಳಿಸುವಾಗ ಏನಾದರೂ ಗೊಂದಲವಾಯಿತಾ ಎಂದು ಮೆಲ್ಲಗೆ ಕೇಳಿದರು. ಸ್ವಲ್ಪ ಗೊಂದಲ ಆಗಿತ್ತು ಅನ್ಸುತ್ತೆ ಮೇಡಂ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹಸಿರು ಗೆರೆ ಗೋಡೆಯ ಮೇಲೇ ಉಳಿಯುತ್ತಿತ್ತು, ನನ್ನ ಬಾಯಿ ನಾಳೆ ಬಿಟ್ಟರೆ ನಾಡಿದ್ದು ತೆರೆಯುವ ಬಾಯಿಯಾಗಿಯೇ ಇರುತ್ತಿತ್ತು. ನಾನು ಪುಸ್ತಕದಲ್ಲಿದ್ದ ನಂಬರುಗಳನ್ನು ನೋಡುತ್ತಾ ನಿಂತೆ. ಆಗ ಅವರು ಪುಸ್ತಕ ಮುಚ್ಚಿದರು.

"ಮುನಿರಾಜಣ್ಣ, ಅವತ್ತು ಕೇಕ್ ಯಾಕೆ ಪುಡಿ ಮಾಡ್ಕೊಂಡು ತಿಂದ್ರಿ?"

ಇಲಿಯ ಬಗ್ಗೆ ಕೇಳಿದ್ದರೆ ಏನಾದರೂ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ನನ್ನ ಬಗ್ಗೆ ಆ ಕಂಪನಿಯಲ್ಲಿ ಹದಿನಾಲ್ಕು ವರ್ಷದಲ್ಲಿ ಯಾರೂ ಏನೂ ಕೇಳಿರಲಿಲ್ಲ.

"ಚೀಟಿ ಸರಿಯಾಗೇ ಅವೆ ಮೇಡಂ. ಈರೇಶಂದೇನೂ ತೆಪ್ಪಿಲ್ಲ. ಅಳತೇನೇ ಸರಿಯಿಲ್ಲ. ನಾನೇ ಒತ್ತಿದ್ದು."

ಯಾಕೆ ಎಂದು ಅವರು ಕೇಳಲಿಲ್ಲ. ನಾನು ಮಾಸ್ಕ್ ತೆಗೆದು ಬಾಯಿ ಎಷ್ಟಾಗುತ್ತದೋ ಅಷ್ಟು ತೆರೆದು ತೋರಿಸಿದೆ. ಅವರು ಎದ್ದು ಕೈ ತೊಳೆದು, ಕೈಗವಸು ಹಾಕಿಕೊಂಡು, ಹೊಸ ಪ್ಲಾಸ್ಟಿಕ್ ಅಳತೆಪಟ್ಟಿ ತಂದು ನನ್ನ ಹಲ್ಲುಗಳ ನಡುವೆ ಇಟ್ಟರು. ಮೂರು ಸಲ ಅಳೆದರು. ಇಪ್ಪತ್ತೊಂದು ಮಿಲಿಮೀಟರು. ದೊಡ್ಡವರಿಗೆ ನಲವತ್ತರ ಹತ್ತಿರ ಇರಬೇಕಂತೆ.

ಬಿಟ್ಟರೆ ವಾಪಸ್ ಬರುತ್ತಾ ಎಂದು ಕೇಳಿದೆ. ಉತ್ತರ ಗಾಜಿನ ಮೇಲೆ ನೀಲಿಯಾಗಿ ಕೂತಿತ್ತು, ಆದರೂ ಕೇಳಿದೆ. ನಾರು ಒಮ್ಮೆ ಕಟ್ಟಿದರೆ ತಾನಾಗಿ ಕರಗುವುದಿಲ್ಲ ಎಂದರು. ಹಲ್ಲಿನ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಡುತ್ತಾರೆ, ಬಾಯಿಗೆ ವ್ಯಾಯಾಮ ಹೇಳಿಕೊಡುತ್ತಾರೆ, ಒಂದಿಷ್ಟು ಸಡಿಲವಾಗಬಹುದು, ಆಗದೆಯೂ ಇರಬಹುದು. ಇದೇ ಮುಂದೆ ಕ್ಯಾನ್ಸರಿಗೆ ತಿರುಗುವುದೂ ಉಂಟು, ಬಿಡದೆ ತೋರಿಸಿಕೊಳ್ಳುತ್ತಿರಬೇಕು. ನನಗೆ ರೇಗಿಹೋಯಿತು. ಬಿಟ್ಟರೂ ಬರದಿದ್ದರೆ ಬಿಟ್ಟು ಏನು ಸುಖ ಎಂದು ಅವರ ಮೇಲೆಯೇ ಕೂಗಾಡಿದೆ, ಪಾಪ, ಅಡಿಕೆ ಅವರೇ ಬೆಳೆದು ಅವರೇ ತಿನ್ನಿಸಿದ ಹಾಗೆ.

"ಇರೋ ಇಪ್ಪತ್ತೊಂದು ಉಳೀಬೋದು ಅಣ್ಣ. ಇವತ್ತೇ ಬಿಟ್ರೆ."

ಆವತ್ತು ಮನೆಗೆ ಹೋಗಿ ರಾಣಿಗೆ ಎಲ್ಲ ಹೇಳಿದೆ. ಅವಳು ಬಹಳ ಹೊತ್ತು ನನ್ನ ಬಾಯಿಯನ್ನೇ ನೋಡಿದಳು. ಒಂದು ವರ್ಷ ನನ್ನ ಕೈಯನ್ನು ಬೈದ್ಯಲ್ಲ ಎಂದು ಅಷ್ಟು ಮಾತ್ರ ಅಂದು ಒಳಗೆ ಹೋದಳು. ನಾನು ಹಿಂದೆಯೇ ಹೋಗಿ ತಪ್ಪಾಯಿತು ಎಂದೆ. ಮಾರನೆಯ ದಿನ ಅವಳೇ ರಜೆ ಹಾಕಿಸಿ ಹಲ್ಲಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಸಾಲಿನಲ್ಲಿ ನನಗಿಂತ ಮುಂದೆ ನಿಂತಳು.

ಕಂಪನಿಯಲ್ಲಿ ಇದಕ್ಕೊಂದು ಫಾರಂ ಇದೆ. ನಡೆದ ತಪ್ಪೇನು, ಕಾರಣವೇನು, ಮುಂದೆ ಆಗದಂತೆ ಕೈಗೊಂಡ ಕ್ರಮವೇನು ಎಂದು ಮೂರು ಕಾಲಂ. ಕ್ರಮದ ಕಾಲಮ್ಮಿನಲ್ಲಿ, ಸಿಬ್ಬಂದಿಗೆ ತಪ್ಪು ಮಾಡದಂತೆ ತಿಳಿಹೇಳಲಾಗಿದೆ ಎಂದು ವಿಶ್ವನಾಥ್ ಸಾರ್ ಬರೆದರು. ಅಳತೆಯಿಂದ ನನ್ನನ್ನು ತೆಗೆದರು, ಕೆಲಸದಿಂದ ತೆಗೆಯಲಿಲ್ಲ. ಕರುಣೆಯಿಂದಲ್ಲ, ಉಳಿದ ಇಲಿಗಳ ಕೇಜು ತೊಳೆಯಲು ಬೇರೆ ಯಾರೂ ಒಪ್ಪಲಿಲ್ಲ. ಮೇಡಂ ತಾವೇ ಕೂತು ಬಿಟ್ಟ ಗುಂಪಿನ ಉಳಿದ ಇಲಿಗಳನ್ನು ಮತ್ತೆ ಅಳೆದರು. ಹದಿಮೂರು. ವಿಷಯ ತಿಳಿದ ಪಾನ್ ಮಸಾಲಾದವರು, ಇಲಿಗೂ ಮನುಷ್ಯನಿಗೂ ಬಹಳ ವ್ಯತ್ಯಾಸವಿದೆ, ಇಲಿಯಿಂದ ಏನನ್ನೂ ಹೇಳಲಾಗದು ಎಂದು ಪತ್ರ ಬರೆದು ಕೆಲಸ ವಾಪಸ್ ತೆಗೆದುಕೊಂಡರು. ಹದಿನಾರು ಮಿಲಿಮೀಟರು ಇದ್ದಾಗ ಆ ವ್ಯತ್ಯಾಸ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಕ್ಯಾಂಟೀನ್ ಗೋಡೆಯಿಂದ ಗ್ರಾಫ್ ಕಿತ್ತು, ಆ ಜಾಗದಲ್ಲಿ ಕ್ರಿಕೆಟ್ ಟೂರ್ನಮೆಂಟಿನ ನೋಟೀಸ್ ಹಾಕಿದರು.

ನಿಯಮದಂತೆ ಕೊನೆಯ ದಿನ ಉಳಿದ ಇಲಿಗಳನ್ನೂ ಮಲಗಿಸಿದೆವು. ತಿಂದವು, ಬಿಟ್ಟವು, ಮುಟ್ಟದವು, ಎಲ್ಲಕ್ಕೂ ಒಂದೇ ದಿನ. ಒಂದೊಂದನ್ನೇ ಕೈಯಲ್ಲಿ ಹಿಡಿದು ಕೊಟ್ಟವನು ನಾನು. ನಲವತ್ತಮೂರನೆಯದನ್ನು ಕೊಡುವಾಗ ಅಳು ಬಂತು, ಮಾಸ್ಕ್ ಇದ್ದದ್ದರಿಂದ ಯಾರಿಗೂ ಕಾಣಲಿಲ್ಲ.

ಅಡಿಕೆ ಬಿಡುವುದು ಹೇಗಿರುತ್ತದೆ ಎಂದು ಇಲಿಗಳನ್ನು ಕೇಳಿ ಪ್ರಯೋಜನವಿಲ್ಲ, ಅವುಗಳಿಗೆ ಯಾರೂ ಮುತ್ತಣ್ಣನ ಅಂಗಡಿಯ ಮುಂದೆ ಹಾದುಹೋಗಲು ಹೇಳಿರಲಿಲ್ಲ. ಮೊದಲ ವಾರ ತಲೆನೋವು, ಸಿಡಿಮಿಡಿ, ಕೈ ಅದರಷ್ಟಕ್ಕೆ ಜೇಬಿಗೆ ಹೋಗುತ್ತಿತ್ತು. ಎರಡನೆಯ ವಾರ ಎರಡು ಪ್ಯಾಕೆಟ್ ತಿಂದೆ, ಮೇಡಂಗೆ ಎರಡು ಎಂದೇ ಹೇಳಿದೆ. ಆಮೇಲೆ ತಿಂದಿಲ್ಲ. ಆಸ್ಪತ್ರೆಯವರು ಕೊಟ್ಟ ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಸೇರಿಸಿ ದಿನಾ ಹಲ್ಲುಗಳ ನಡುವೆ ತುರುಕಿಕೊಳ್ಳುತ್ತೇನೆ, ನೋವಿಗೆ ಜೊಲ್ಲು ಸುರಿಯುತ್ತದೆ. ಪ್ರತಿ ಸೋಮವಾರ ಮೇಡಂ ಕೇಜು ತೊಳೆಯುವ ಕೋಣೆಗೆ ಬಂದು ನನ್ನ ಬಾಯಿ ಅಳೆದು ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಇಪ್ಪತ್ತೊಂದು, ಇಪ್ಪತ್ತೊಂದು, ಇಪ್ಪತ್ತೊಂದು.

ಆರನೆಯ ಸೋಮವಾರ ನಾನು ಬೆಳಿಗ್ಗೆಯಿಂದಲೇ ಕುಗ್ಗಿಹೋಗಿದ್ದೆ. ಮುಖದಲ್ಲೇ ಕಾಣುತ್ತಿತ್ತೇನೋ. ಮೇಡಂ ಬಂದರು, ಅಳತೆಪಟ್ಟಿ ಇಟ್ಟರು, ಕಣ್ಣು ಕಿರಿದು ಮಾಡಿ ನೋಡಿದರು. ಅವರ ಮುಖ ಅರಳಿತು.

"ಇಪ್ಪತ್ಮೂರು ಮುನಿರಾಜಣ್ಣ. ನೋಡಿ, ಬರ್ತಾ ಐತಿ."

ಎಷ್ಟು ದಿನದಿಂದ ಆ ಮಾತು ಕೇಳಬೇಕು ಎಂದು ಕಾದಿದ್ದೆನೋ ನನಗೇ ಗೊತ್ತು. ಆದರೆ ನನ್ನ ಗದ್ದದ ಮೇಲೆ ಅವರ ಹೆಬ್ಬೆರಳು ಇನ್ನೂ ಇತ್ತು. ಆ ಒತ್ತಡ ನನಗೆ ಗೊತ್ತಿತ್ತು. ಅದು ಎಷ್ಟು ಹಗುರ, ಎಲ್ಲಿ ಒತ್ತಬೇಕು, ಒತ್ತುವಾಗ ಮನಸ್ಸಿನಲ್ಲಿ ಏನಿರುತ್ತದೆ, ಎಲ್ಲ ಗೊತ್ತಿತ್ತು. ಅವರ ಕಣ್ಣಲ್ಲಿ ನೀರು ತುಂಬಿತ್ತು. ನಾನು ಅವರ ಕೈಯನ್ನು ಮೆಲ್ಲಗೆ ಹಿಡಿದು ಕೆಳಗಿಳಿಸಿದೆ.

"ಒತ್ತಬ್ಯಾಡಿ ಮೇಡಂ. ಎಷ್ಟೈತೋ ಅಷ್ಟೇ ಬರ್ಕೊಳ್ಳಿ."

ಅವರು ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಆಮೇಲೆ ಮತ್ತೆ ಬಂದು, ಗದ್ದ ಮುಟ್ಟದೆ, ಬರೀ ಪಟ್ಟಿಯನ್ನಷ್ಟೇ ಇಟ್ಟು ನೋಡಿದರು. ಇಪ್ಪತ್ತೊಂದು ಎಂದು ಬರೆದುಕೊಂಡರು.